ಖಗ್ರಾಸ ಗ್ರಹಣದ ಹೊತ್ತಿನಲ್ಲಿ ಕರೋನಾದ ಎಲೆಕ್ಟ್ರಾನ್ ಸಾಂದ್ರತೆ ಅಳೆಯುವ ಬಗೆ

ಸೂರ್ಯನ ಹೊರ ವಾತಾವರಣವಾದ ಕರೋನಾದ ಬಿಳಿ ಬೆಳಕಿನಲ್ಲಿ ಎರಡು ಪಾಲುಗಳು ಬೆರೆತಿವೆ. ಬಿಡಿ ಎಲೆಕ್ಟ್ರಾನುಗಳು ಚದುರಿಸಿದ ಬೆಳಕು ಕೆ-ಕರೋನಾ, ಗ್ರಹಗಳ ನಡುವಿನ ದೂಳು ಚದುರಿಸಿದ್ದು ಎಫ್-ಕರೋನಾ. ನಮಗೆ ಬೇಕಿರುವುದು ಮೊದಲನೆಯದು. ಅದು ಸೂರ್ಯನ ಅಂಚಿಗೆ ಸಮಾಂತರವಾಗಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಆ ದಿಕ್ಕಿನಲ್ಲೇ ಕಂಪಿಸುತ್ತವೆ. ಸೂರ್ಯನ ಸಮೀಪದಲ್ಲಿ ದೂಳಿನ ಬೆಳಕಿಗೆ ಧ್ರುವೀಕರಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಟ್ಟು ಹೊಳಪನ್ನು ಬಿಟ್ಟು ಧ್ರುವೀಕೃತ ಹೊಳಪನ್ನು ಮಾತ್ರ ಅಳೆದರೆ ದೂಳು ತಾನಾಗಿಯೇ ಲೆಕ್ಕದಿಂದ ಹೊರಬೀಳುತ್ತದೆ.

ಸಲಕರಣೆ

400ರಿಂದ 600 ಮಿ.ಮೀ. ನಾಭಿದೂರದ ಲೆನ್ಸ್ ದೂರದರ್ಶಕ, ಸೂರ್ಯನನ್ನು ಹಿಂಬಾಲಿಸುವ ಮೌಂಟ್, ಕಪ್ಪು-ಬಿಳುಪು ಕ್ಯಾಮೆರಾ, ಕೋನದ ಗುರುತಿರುವ ತಿರುಗು ಹಿಡಿಕೆಯಲ್ಲಿ ಕೂರಿಸಿದ ರೇಖೀಯ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್). ಓರೆಗನ್ನಡಿ ಇರುವ ನ್ಯೂಟೋನಿಯನ್ ಆಗಲಿ, ಸ್ಟಾರ್ ಡಯಾಗನಲ್ ಆಗಲಿ ಬೇಡ; ಓರೆಯಾಗಿ ಬಿದ್ದ ಬೆಳಕನ್ನು ಕನ್ನಡಿಯೇ ಧ್ರುವೀಕರಿಸಿಬಿಡುತ್ತದೆ. ಫಿಲ್ಟರ್ ಆರಿಸುವಾಗ 530.3 ಮತ್ತು 637.4 ನ್ಯಾನೋಮೀಟರಿನ ಕಬ್ಬಿಣದ ರೇಖೆಗಳು ಹಾಗೂ 656.3ರ ಹೈಡ್ರೋಜನ್ ರೇಖೆ ಒಳಗೆ ಬಾರದಂತೆ ನೋಡಿಕೊಳ್ಳಿ. 600ರ ಆಸುಪಾಸಿನ ಪಟ್ಟಿ ಅನುಕೂಲ.

ಪೋಲರೈಸರ್ ಸೌರ ಫಿಲ್ಟರ್ ಅಲ್ಲ. ಪೂರ್ಣತೆ (ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿರುವ ಹೊತ್ತು) ಶುರುವಾದ ಮೇಲೆ ಮಾತ್ರ ಸೌರ ಫಿಲ್ಟರ್ ತೆಗೆಯಬೇಕು, ಸೂರ್ಯನ ಅಂಚು ಮತ್ತೆ ಇಣುಕುವ ಮುಂಚೆ ಹಾಕಬೇಕು.

ಚಿತ್ರ ತೆಗೆಯುವುದು

0°, 60°, 120° ಮೂರು ಕೋನಗಳು ಸಾಕು. ಅಂಚಿನಿಂದ ಹೊರಕ್ಕೆ ಹೋದಂತೆ ಹೊಳಪು ಸಾವಿರ ಪಟ್ಟು ಇಳಿಯುವುದರಿಂದ ಒಂದೇ ಎಕ್ಸ್‌ಪೋಶರ್‌ನಲ್ಲಿ ಎಲ್ಲವೂ ಸಿಗದು. ಪ್ರತಿ ಕೋನದಲ್ಲೂ 1/500, 1/60, 1/8, 1 ಸೆಕೆಂಡ್ ಎಂಬ ಸರಣಿಯಿಂದ ಶುರುಮಾಡಿ, ನಿಮ್ಮ ಫಿಲ್ಟರ್‌ಗೆ ತಕ್ಕಂತೆ ಹಿಗ್ಗಿಸಿಕೊಳ್ಳಿ. ಸಮಯವಿದ್ದರೆ ಕೊನೆಗೆ 180°ಯಲ್ಲೂ ಅದೇ ಸರಣಿ ತೆಗೆಯಿರಿ. ಅದು 0°ಯ ಚಿತ್ರಕ್ಕೆ ತಾಳೆಯಾಗಬೇಕು. ಆಗದಿದ್ದರೆ ತೆಳುಮೋಡ ಹಾದಿದೆ, ಇಲ್ಲವೇ ಪೋಲರೈಸರ್‌ನ ಗಾಜು ಬೆಣೆಯಂತೆ ಒಂದು ಕಡೆ ದಪ್ಪಗಿದೆ. 2026ರ ಆಗಸ್ಟ್ 12ರ ಗ್ರಹಣದಲ್ಲಿ ಪೂರ್ಣತೆ ಹೆಚ್ಚೆಂದರೆ 2 ನಿಮಿಷ 18 ಸೆಕೆಂಡ್. ಕೈಯಿಂದ ತಿರುಗಿಸುವವರು ಕತ್ತಲಲ್ಲಿ ಅಭ್ಯಾಸ ಮಾಡಿಕೊಂಡೇ ಹೋಗಬೇಕು. 2027ರ ಆಗಸ್ಟ್ 2ರದ್ದು ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷ ದಾಟುತ್ತದೆ, ಅಲ್ಲಿ ಇಷ್ಟು ಧಾವಂತವಿಲ್ಲ.

ರಾ ಫೈಲ್ ಮಾತ್ರ ಉಳಿಸಿ. ಅದೇ ತಾಪಮಾನದಲ್ಲಿ ಪ್ರತಿ ಎಕ್ಸ್‌ಪೋಶರ್‌ಗೂ ಡಾರ್ಕ್ (ಮುಚ್ಚಳ ಹಾಕಿ ತೆಗೆದ ಚಿತ್ರ), ಪ್ರತಿ ಪೋಲರೈಸರ್ ಕೋನಕ್ಕೂ ಬೇರೆಯೇ ಫ್ಲ್ಯಾಟ್ (ಎಲ್ಲೆಡೆ ಒಂದೇ ಹೊಳಪಿರುವ ಹಿನ್ನೆಲೆಯ ಚಿತ್ರ) ಬೇಕು.

ಹೊಳಪಿನ ಅಳತೆಗೋಲು

ಹೆಚ್ಚಿನ ಅಳತೆಗಳು ಕೆಡುವುದು ಇಲ್ಲಿ. ಕರೋನಾದ ಹೊಳಪನ್ನು ಸೂರ್ಯನ ತಟ್ಟೆಯ ಸರಾಸರಿ ಹೊಳಪಿನ ಭಾಗವಾಗಿ ಹೇಳಬೇಕು. ಅದೇ ದೂರದರ್ಶಕ, ಅದೇ ಫಿಲ್ಟರ್‌ಗಳ ಜೊತೆಗೆ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಸೇರಿಸಿ, ಗ್ರಹಣ ಹಿಡಿಯುವ ಮುಂಚೆ ಅಥವಾ ಬಿಟ್ಟ ಮೇಲೆ ಇಡೀ ಸೂರ್ಯನನ್ನು ಚಿತ್ರಿಸಿ. ಡಬ್ಬಿಯ ಮೇಲೆ ಬರೆದ ಮೌಲ್ಯವನ್ನು ನಂಬದೆ ನಿಮ್ಮ ತರಂಗಾಂತರದಲ್ಲಿ ಅಳೆಸಿಕೊಳ್ಳಿ. ಇಲ್ಲಿ ಹತ್ತು ಶೇಕಡ ತಪ್ಪಿದರೆ ಸಾಂದ್ರತೆಯೂ ಅಷ್ಟೇ ತಪ್ಪುತ್ತದೆ.

ಲೆಕ್ಕ

0°, 60°, 120°ಯ ಮೂರು ಚಿತ್ರಗಳನ್ನು ಕ್ರಮವಾಗಿ ಅ, ಆ, ಇ ಎನ್ನೋಣ. ಮೊದಲು ಅವನ್ನು ಪಿಕ್ಸೆಲ್‌ಗಿಂತ ಸೂಕ್ಷ್ಮವಾಗಿ ಒಂದರ ಮೇಲೊಂದು ಕೂರಿಸಬೇಕು, ಅದೂ ಕರೋನಾದ ಎಳೆಗಳನ್ನು ನೋಡಿ, ಚಂದ್ರನ ಅಂಚನ್ನು ನೋಡಿ ಅಲ್ಲ. ಚಂದ್ರ ಸೂರ್ಯನ ಎದುರು ಸೆಕೆಂಡಿಗೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ ಸರಿಯುತ್ತಿರುತ್ತಾನೆ. ಹೊಳಪು ಕಡಿದಾಗಿ ಇಳಿಯುವ ಕಡೆ ಕೊಂಚ ಜರುಗಿದರೂ ಇಲ್ಲದ ಧ್ರುವೀಕರಣ ಹುಟ್ಟಿಕೊಳ್ಳುತ್ತದೆ. ಬಳಿಕ ಧ್ರುವೀಕರಣದ ಪ್ರಮಾಣ ಮತ್ತು ದಿಕ್ಕನ್ನು ಒಟ್ಟಾಗಿ ಹೇಳುವ ಕ್ಯೂ, ಯೂ ಎಂಬ ಎರಡು ಅಂಕಿಗಳನ್ನು ಪಡೆಯಿರಿ:

ಕ್ಯೂ = (2/3)(2ಅ − ಆ − ಇ)
ಯೂ = (2/√3)(ಆ − ಇ)

ಆಕಾಶದ ಬೆಳಕೂ ಧ್ರುವೀಕರಣಗೊಂಡಿರುತ್ತದೆ. ಚಂದ್ರನ ತಟ್ಟೆಯ ನಡುವೆ ಸಿಗುವ ಕ್ಯೂ, ಯೂ ಮೌಲ್ಯಗಳನ್ನು ಎಲ್ಲೆಡೆಯಿಂದ ಬೇರೆಬೇರೆಯಾಗಿ ಕಳೆಯಿರಿ. ಕೊನೆಯ ಹೊಳಪಿನಿಂದ ಕಳೆದರೆ ತಪ್ಪು, ಏಕೆಂದರೆ ಅದಕ್ಕೆ ದಿಕ್ಕೂ ಇದೆ. ಆಮೇಲೆ ಸೂರ್ಯನ ಕೇಂದ್ರದಿಂದ ಪ್ರತಿ ಬಿಂದುವಿನ ದಿಕ್ಕಿನ ಕೋನ φಯನ್ನು ಪೋಲರೈಸರ್‌ನ 0°ಯಿಂದ ಎಣಿಸಿ:

ಧ್ರುವೀಕೃತ ಹೊಳಪು = −ಕ್ಯೂ cos 2φ − ಯೂ sin 2φ

ಕ್ಯೂ, ಯೂಗಳ ವರ್ಗಗಳ ಮೊತ್ತದ ವರ್ಗಮೂಲ ತೆಗೆಯುವ ರೂಢಿಯೂ ಇದೆ, ಆದರೆ ಅದರಲ್ಲಿ ಗದ್ದಲ, ಅಂದರೆ ಅಳತೆಯ ಅಡ್ಡಾದಿಡ್ಡಿ ಏರಿಳಿತವೆಲ್ಲ ಧನ ಸಂಖ್ಯೆಯಾಗಿ ಸೇರಿಕೊಂಡು ಹೊರಭಾಗದ ಮೌಲ್ಯ ಉಬ್ಬುತ್ತದೆ. ಇನ್ನೊಂದು ಘಟಕ, ಅಂದರೆ ಕ್ಯೂ sin 2φ − ಯೂ cos 2φ, ಸೊನ್ನೆಯ ಸುತ್ತಲೇ ಇರಬೇಕು. ಇಲ್ಲದಿದ್ದರೆ ಪೋಲರೈಸರ್‌ನ ಸೊನ್ನೆ ಗುರುತು ತಪ್ಪಿದೆ, ಅಥವಾ ಆಕಾಶ ಸರಿಯಾಗಿ ಕಳೆದಿಲ್ಲ.

ಇಲ್ಲಿಂದ ಸಾಂದ್ರತೆಗೆ ದಾರಿ ತೋರಿಸಿದ್ದು ಖಗೋಳಜ್ಞ ವಾನ್ ಡೆ ಹಲ್ಸ್ಟ್‌ರ 1950ರ ವಿಧಾನ. ಒಂದು ದಿಕ್ಕಿನಲ್ಲಿ ಹೊಳಪನ್ನು ದೂರದ ಋಣ ಘಾತಗಳ ಮೊತ್ತವಾಗಿ ಹೊಂದಿಸಿ, ಆ ದಿಕ್ಕಿಗೆ ಕರೋನಾ ಗೋಳಾಕಾರವೆಂದು ಒಪ್ಪಿಕೊಂಡು, ದೃಷ್ಟಿರೇಖೆಯ ಉದ್ದಕ್ಕೂ ಸೇರಿಬಂದ ಬೆಳಕನ್ನು ಪದರ ಪದರವಾಗಿ ಬಿಡಿಸುತ್ತೀರಿ. ಪ್ರತಿ ಎಲೆಕ್ಟ್ರಾನಿನ ಥಾಮ್ಸನ್ ಅಡ್ಡಕೊಯ್ತ (ಬೆಳಕನ್ನು ಚದುರಿಸುವುದರಲ್ಲಿ ಅದರ ಪರಿಣಾಮಕಾರಿ ವಿಸ್ತೀರ್ಣ) 6.65 × 10⁻²⁵ ಚದರ ಸೆಂ.ಮೀ. ಸೂರ್ಯನ ತಟ್ಟೆ ನಡುವಿಗಿಂತ ಅಂಚಿನಲ್ಲಿ ಎಷ್ಟು ಮಸುಕು ಎಂದು ಹೇಳುವ ಗುಣಾಂಕವನ್ನು ನಿಮ್ಮ ತರಂಗಾಂತರಕ್ಕೆ ತಕ್ಕಂತೆ ಹಾಕಿ.

ಬಂದ ಉತ್ತರವನ್ನು ಕರೋನಾದ ಸರಾಸರಿ ಸಾಂದ್ರತೆ ಹೇಳುವ 1937ರ ಬೌಂಬಾಖ್ ಸೂತ್ರದ ಪಕ್ಕ ಇಟ್ಟು ನೋಡಿ. ದೂರ 'ದ' ಸೂರ್ಯತ್ರಿಜ್ಯಗಳಲ್ಲಿ, ಕೇಂದ್ರದಿಂದ. ಸಾಂದ್ರತೆ ಘನ ಸೆಂ.ಮೀ.ಗೆ:

10⁸ × (0.036/ದ^1.5 + 1.55/ದ⁶ + 2.99/ದ¹⁶)

1.5ರಲ್ಲಿ ಇದು ಸುಮಾರು 1.6 × 10⁷, 2ರಲ್ಲಿ 3.7 × 10⁶. ಧ್ರುವದ ಕರೋನಾ ರಂಧ್ರಗಳಲ್ಲಿ (ಕರೋನಾ ವಿರಳವಾಗಿರುವ ಕಪ್ಪು ಜಾಗಗಳಲ್ಲಿ) ಇದಕ್ಕಿಂತ ಹಲವು ಪಟ್ಟು ಕಡಿಮೆ ಬರುವುದು ಸಹಜ. ಹತ್ತು ಪಟ್ಟು ಹೆಚ್ಚು ಬಂದರೆ ಮೊದಲು ನ್ಯೂಟ್ರಲ್ ಫಿಲ್ಟರ್‌ನ ಅಂಕಿಯನ್ನು ಅನುಮಾನಿಸಿ. ತೆಳುವಾದ ಸ್ಟ್ರೀಮರ್‌ಗಳಲ್ಲಿ (ಕರೋನಾದಿಂದ ಹೊರಕ್ಕೆ ಚಾಚಿದ ಹೊಳೆಯುವ ಪಟ್ಟಿಗಳಲ್ಲಿ) ಗೋಳದ ಊಹೆ ನಿಲ್ಲುವುದಿಲ್ಲ. ಒಂದೆಡೆ ಒತ್ತಾಗಿರುವ ಎಲೆಕ್ಟ್ರಾನುಗಳನ್ನು ಲೆಕ್ಕ ಇಡೀ ದೃಷ್ಟಿರೇಖೆಗೆ ಹರಡಿಬಿಡುವುದರಿಂದ, ಅಲ್ಲಿ ಸಿಗುವ ಸಾಂದ್ರತೆ ನಿಜಕ್ಕಿಂತ ಕಡಿಮೆ.