ಬೆನ್ನಿಗೆ ಮಣ್ಣು ತಾಗಬಾರದು ಎಂದು ಕಲಿತವನು

ಹನ್ನೊಂದನೇ ವಯಸ್ಸಿಗೆ ಮೈಸೂರಿನ ನಮ್ಮ ಬೀದಿಯ ಗರಡಿಮನೆಗೆ ಸೇರಿದೆ. ಮೊದಲ ಆರು ತಿಂಗಳು ಮಟ್ಟಿ ಅಗೆಯುವುದೇ ಕೆಲಸ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ತುಳಿದು ತುಳಿದು ಹದ ಮಾಡಬೇಕಿತ್ತು. ಆಮೇಲೆ ದಂಡ, ಬಸ್ಕಿ, ಗದೆ. ಪಟ್ಟು ಹೇಳಿಕೊಡುವ ಮೊದಲೇ ಉಸ್ತಾದರು ತಲೆಗೆ ತುಂಬಿದ್ದು ಒಂದೇ ಮಾತು: "ಮಗಾ, ಏನಾದ್ರೂ ಆಗ್ಲಿ, ಬೆನ್ನಿಗೆ ಮಣ್ಣು ತಾಗ್ಬಾರ್ದು." ಬಿದ್ದರೆ ತಕ್ಷಣ ಬೋರಲಾಗಬೇಕು. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿದವನನ್ನು ಮಗುಚುವುದು ಎಂಥ ಪೈಲ್ವಾನನಿಗೂ ಕಷ್ಟ. ದಸರೆಯಲ್ಲಿ ದೇವರಾಜ ಅರಸು ಕ್ರೀಡಾಂಗಣದ ಅಖಾಡಕ್ಕೆ ಇಳಿದಾಗಲೆಲ್ಲ ನನ್ನನ್ನು ಕಾಪಾಡಿದ್ದು ಇದೇ ವಿದ್ಯೆ.

ಇಪ್ಪತ್ತಾರಕ್ಕೆ ಬೆಂಗಳೂರಿಗೆ ಹೋಗಿ ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ, ಕಲಿಯತೊಡಗಿದೆ. ಮೊದಲ ಕಾಳಗ 77 ಕೆಜಿ ತೂಕದಲ್ಲಿ, ಐದೈದು ನಿಮಿಷದ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಎರಡು ಸಲ ಎದುರಾಳಿಯ ಕಾಲು ಹಿಡಿದು ಎತ್ತಿ ಹಾಕಿದೆ. ಎರಡನೆಯದರಲ್ಲಿ ಅವನು ಕೆಳಗಿನಿಂದಲೇ ನನ್ನನ್ನು ಉರುಳಿಸಿದ. ಬೆನ್ನು ನೆಲ ಮುಟ್ಟಿತೋ ಇಲ್ಲವೋ, ಹದಿನೈದು ವರ್ಷದ ಅಭ್ಯಾಸ ನನ್ನನ್ನು ಬೋರಲಾಗಿಸಿತು. ಅವನಿಗೆ ಬೇಕಾಗಿದ್ದೂ ಅದೇ. ಬೆನ್ನೇರಿ, ಎರಡೂ ಕಾಲನ್ನು ನನ್ನ ತೊಡೆಗಳ ಒಳಕ್ಕೆ ಸಿಕ್ಕಿಸಿ, ಗದ್ದದ ಕೆಳಗೆ ತೋಳು ತೂರಿಸಿದ. ಆ ಪಟ್ಟು ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತುತ್ತದೆ. ಸರಿಯಾಗಿ ಕೂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ನೆಲ ತಟ್ಟಿ ಸೋಲೊಪ್ಪಿದೆ.

ಆ ಒಂದು ಅಭ್ಯಾಸ ಬಿಡಲು ನನಗೆ ಒಂದು ವರ್ಷ ಹಿಡಿಯಿತು. ಕೋಚ್ ಪ್ರತಿ ಸುತ್ತನ್ನೂ ನನ್ನನ್ನು ಅಂಗಾತ ಮಲಗಿಸಿಯೇ ಶುರು ಮಾಡಿಸುತ್ತಿದ್ದರು. ಮೊದಮೊದಲು ಅವಮಾನಕ್ಕೆ ಕಣ್ಣೀರು ಬರುತ್ತಿತ್ತು. ಮೇಲಿದ್ದವನ ಸೊಂಟವನ್ನು ಕಾಲುಗಳಿಂದ ಕಟ್ಟಿಹಾಕುವುದು, ಮುಂಗೈ ಹಿಡಿದು ಗುದ್ದು ತಪ್ಪಿಸುವುದು, ಸೊಂಟ ಜಾರಿಸಿ ಏಳುವುದು, ಒಂದೊಂದಾಗಿ ಬಂತು. ಕಾಲಿಗೆ ನುಗ್ಗುವಾಗ ತಲೆ ಬಗ್ಗಿಸುವ ಚಾಳಿಯನ್ನೂ ಬಿಡಬೇಕಾಯಿತು. ಬಗ್ಗಿದ ಕತ್ತು ಎದುರಾಳಿಯ ಕಂಕುಳಿಗೆ ಸಿಕ್ಕರೆ ಕಾಲು ಹಿಡಿದೂ ಪ್ರಯೋಜನವಿಲ್ಲ. ತಲೆ ಮೇಲೆ, ಕಿವಿ ಅವನ ಪಕ್ಕೆಲುಬಿಗೆ.

2019ರಲ್ಲಿ ಕುಸ್ತಿ ಬಿಟ್ಟು ಎಂಎಂಎಗೆ ಬಂದ ರಿತು ಫೋಗಟ್ ಅವರ ಕಾಳಗಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. 2021ರ ಡಿಸೆಂಬರಿನಲ್ಲಿ ಗ್ರ್ಯಾನ್ ಪ್ರಿ ಪಂದ್ಯಾವಳಿಯ ಫೈನಲ್ಲಿನಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ರಿತು ಅವರನ್ನು ಕೈಮುರಿ ಪಟ್ಟಿಗೆ ಸಿಕ್ಕಿಸಿದಾಗ ನನ್ನ ಮೊಣಕೈಯೇ ನೊಂದಂತಾಯಿತು. ಸ್ಟ್ಯಾಂಪ್ ಬೆಳೆದದ್ದು ನಿಂತೇ ಗುದ್ದಿ ಒದೆಯುವ ಮುವಾಯ್ ಥಾಯ್‌ನಲ್ಲಿ. ಆದರೂ ನೆಲದ ಮೇಲೆ ಕುಸ್ತಿಯವರನ್ನೇ ಸೋಲಿಸಿದರು. ಕೆಡವುವುದು ನಮಗೆ ಗೊತ್ತು, ಕೆಡವಿದ ಮೇಲಿನ ವಿದ್ಯೆ ಬೇರೆ.

ಕೆಳಗಿನ ತೂಕದ ವರ್ಗದಲ್ಲಿ ಆಡಲೆಂದು ತೂಕ ಇಳಿಸುವುದರ ಬಗ್ಗೆ ಒಂದು ಮಾತು. ನೀರು ಬಿಟ್ಟು, ಬೆವರು ಸುರಿಸಿ ಎರಡು ದಿನದಲ್ಲಿ ಐದು ಕೆಜಿ ಇಳಿಸಿದ್ದೇನೆ. ತಪ್ಪು ಮಾಡಿದೆ. ಹುಡುಗರು ಕೇಳಿದರೆ ಮೇಲಿನ ತೂಕದಲ್ಲೇ ಆಡಿ ಎನ್ನುತ್ತೇನೆ.

ಭುಜ ಜಾರಿದ ಮೇಲೆ ಸಿನಿಮಾದ ಫೈಟುಗಳಿಗೆ ಕರೆ ಬಂತು, ನಂತರ ನಾಲ್ಕು ಮಾತಿರುವ ಪಾತ್ರಗಳೂ ಸಿಕ್ಕವು. ಅಖಾಡದಲ್ಲಿ ನೋವು ಮುಖಕ್ಕೆ ಬರಬಾರದು, ಕ್ಯಾಮೆರಾದ ಮುಂದೆ ಬರಲೇಬೇಕು. ಅಖಾಡದಲ್ಲಿ ಕೈ ಎತ್ತ ಹೋಗುತ್ತದೆಂದು ಯಾರಿಗೂ ತಿಳಿಯಬಾರದು, ಇಲ್ಲಿ ಹಿಂದಿನ ಸಾಲಿನವನಿಗೂ ಕಾಣಬೇಕು. ಫೈಟ್ ಮಾಸ್ಟರ್ ತಾಳ್ಮೆಯಿಂದ ತಿದ್ದಿದರು.

ಒಂದು ದೃಶ್ಯದಲ್ಲಿ ಹೀರೋ ನನ್ನನ್ನು ಎತ್ತಿ ಮಟ್ಟಿಯ ಮೇಲೆ ಅಂಗಾತ ಹಾಕಬೇಕಿತ್ತು. ಜಿಮ್ಮಿನ ಮ್ಯಾಟಿನ ಮೇಲೆ ಬಿಟ್ಟ ಅಭ್ಯಾಸ ಕೆಮ್ಮಣ್ಣು ಕಂಡದ್ದೇ ಮರಳಿ ಬಂತು. ಮೂರು ಟೇಕಿನಲ್ಲೂ ಗಾಳಿಯಲ್ಲೇ ತಿರುಗಿಬಿಟ್ಟೆ. ನಾಲ್ಕನೆಯದರಲ್ಲಿ ಕಣ್ಣು ಮುಚ್ಚಿ ಬೆನ್ನು ಕೊಟ್ಟೆ.

ಆ ತುಣುಕನ್ನು ಉಸ್ತಾದರಿಗೆ ತೋರಿಸಲು ಹೆದರಿದ್ದೆ. ಎರಡು ಸಲ ನೋಡಿ, "ಮಟ್ಟಿ ಅಗೆದಿದ್ರಾ ಮಗಾ? ಗಟ್ಟಿ ಕಾಣ್ತದೆ" ಎಂದರು. ಅಗೆದಿರಲಿಲ್ಲ. ಮುಂದಿನ ಶೂಟಿಂಗಿಗೆ ಒಂದು ಗಂಟೆ ಮುಂಚೆ ಹೋಗಿ, ಸನಿಕೆ ಹಿಡಿದು ನಾನೇ ಅಗೆದೆ.