ಓವರ್‌ಟೈಮ್ (ಓಟಿ) ಇಳಿಸಿ ಐಕಿಯಾದ ಐವೇ ಆಡಿಟ್ ಪಾಸ್ ಮಾಡಿದೆ: ಪೀಣ್ಯದಿಂದ ನನ್ನ ಅನುಭವ

ಪೀಠೋಪಕರಣ ಕಂಪನಿ ಐಕಿಯಾಕ್ಕೆ ಹೋಗುವ ತಂತಿ ಬುಟ್ಟಿಗಳ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ ಓವನ್ನಿನಲ್ಲಿ ಕಾಯಿಸುವ ಕೆಲಸ) ಜಾಬ್ ವರ್ಕ್ ಹಿಡಿದೆ. ಐಕಿಯಾಕ್ಕೆ ಮಾಲು ಮಾಡುವವರು ಪಾಲಿಸಬೇಕಾದ ಐವೇ ನಿಯಮಾವಳಿಯಲ್ಲಿ ಓಟಿ ಸೇರಿ ವಾರಕ್ಕೆ 60 ಗಂಟೆಯೇ ಮಿತಿ. ಆಗ ಪೀಣ್ಯದ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ವಾರಕ್ಕೆ 60 ಗಂಟೆಯೊಳಗೆ ಸೀಸನ್ ಮುಗಿಯಲ್ಲ ಗುರು, ಸುಮ್ನೆ ಎರಡು ಹಾಜರಿ ರಿಜಿಸ್ಟರ್ ಇಟ್ಕೊ, ನಿಜದ್ದೊಂದು, ತೋರಿಸೋಕೊಂದು." ನಾನು ಒಂದೇ ಇಟ್ಟೆ. ಆಡಿಟ್ ಪಾಸಾಯಿತು, ಆರ್ಡರ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಒಂದೇ ಬ್ರ್ಯಾಂಡಿನ ಮಾಲು ಮಾರುವ, ಹೆಚ್ಚಿನ ಪಾಲು ವಿದೇಶಿ ಬಂಡವಾಳದ ಅಂಗಡಿಗಳು ಶೇ 30 ಮಾಲನ್ನು ಭಾರತದಲ್ಲೇ ಖರೀದಿಸುವ ನಿಯಮ ಬಂತು. 2018ರಲ್ಲಿ ಹೈದರಾಬಾದ್, 2022ರಲ್ಲಿ ನಮ್ಮ ನಾಗಸಂದ್ರದಲ್ಲೇ ಐಕಿಯಾ ಮಳಿಗೆ ತೆರೆಯಿತು. ಕೆಲಸ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಅದರ ಜೊತೆ 2000ದಿಂದ ಇರುವ ಐವೇ ನಿಯಮಾವಳಿಯೂ ನಮ್ಮ ಶೆಡ್‌ವರೆಗೆ ಬರುತ್ತೆ ಅಂತ ಯಾರೂ ಯೋಚಿಸಿರಲಿಲ್ಲ.

ನಮ್ಮಲ್ಲಿ ಸೀಸನ್‌ನಲ್ಲಿ 70 ಗಂಟೆ ದಾಟುತ್ತಿತ್ತು. ಮೊದಲು ಕಂಟ್ರಾಕ್ಟರ್ ಮೂಲಕ ಜನ ಹೆಚ್ಚಿಸಿದೆ. ಅವನ ಪಿಎಫ್ ಚಲನ್‌ನಲ್ಲಿ ಅರ್ಧ ಹುಡುಗರ ಹೆಸರೇ ಇರಲಿಲ್ಲ! ಅದು ಗೊತ್ತಾಗಿ ನಮಗೆ ಕೆಲಸ ಕೊಟ್ಟ ಪಾರ್ಟಿ ಆರ್ಡರ್ ನಿಲ್ಲಿಸಿತು. ಮೂರು ಲಕ್ಷದ ಮಾಲು ತಿಂಗಳಿಗೂ ಜಾಸ್ತಿ ಶೆಡ್‌ನಲ್ಲೇ ಕೂತಿತ್ತು. ಆಮೇಲೆ ರಾತ್ರಿ ಪಾಳಿ ಶುರು ಮಾಡಿದೆ. ಓವನ್ನಿನ ಡೀಸೆಲ್‌ಗೇ ತಿಂಗಳಿಗೆ ನಲವತ್ತು ಸಾವಿರದ ಹತ್ತಿರ ಹೋಯಿತು.

ಕೊನೆಗೆ ರೀವರ್ಕ್ (ಕೆಟ್ಟು ಮತ್ತೆ ಮಾಡುವ ಕೆಲಸ) ಲೆಕ್ಕ ಹಾಕಿದೆ. ನೂರಕ್ಕೆ ಹನ್ನೆರಡು ಬುಟ್ಟಿ ವಾಪಸ್ ಬರುತ್ತಿದ್ದವು, ಎಲ್ಲದರಲ್ಲೂ ಒಳಮೂಲೆ ಖಾಲಿ. ಓಟಿ ಹುಟ್ಟುತ್ತಿದ್ದದ್ದೇ ಅಲ್ಲಿ. ಬುಟ್ಟಿ ನೇತುಹಾಕುವ ಹುಕ್ ಮೇಲೆ ಬೆರಳುಗಾತ್ರ ಪೌಡರ್ ಕಟ್ಟಿ ಅರ್ಥಿಂಗ್ ಸಿಗುತ್ತಿರಲಿಲ್ಲ, ಅದಿಲ್ಲದೆ ಪೌಡರ್ ಸರಿಯಾಗಿ ಅಂಟಲ್ಲ. ಹುಡುಗರು ಪೌಡರ್ ಸಿಂಪಡಿಸುವ ಗನ್ನಿನ ವೋಲ್ಟೇಜ್ ಏರಿಸುತ್ತಿದ್ದರು, ಆಗ ಪೌಡರ್ ಹೊರಗಿನ ಅಂಚಿಗೇ ಅಂಟಿ ಒಳಮೂಲೆಗೆ ಇನ್ನೂ ಕಡಿಮೆ ಹೋಗುತ್ತಿತ್ತು. ಹುಕ್‌ಗಳನ್ನು ತಪ್ಪದೆ ಸ್ಟ್ರಿಪ್ ಮಾಡಿಸಿದೆ (ಕಟ್ಟಿದ ಪೌಡರ್ ತೆಗೆಸಿದೆ), ಗನ್ ವೋಲ್ಟೇಜನ್ನು 90 ಕೆವಿಯಿಂದ (ಕಿಲೋವೋಲ್ಟ್) 55ರ ಆಸುಪಾಸಿಗೆ ಇಳಿಸಿದೆ. ಬುಟ್ಟಿಯನ್ನು ಯಾವ ಕೋನದಲ್ಲಿ ನೇತುಹಾಕುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಅನ್ನದ ದಾರಿ. ವಾಪಸಾತಿ ಮೂರಕ್ಕೆ ಬಂತು, ವಾರದ ಗಂಟೆ 55ರ ಸುತ್ತ ನಿಂತಿತು.

ಓಟಿ ಹೋಯಿತು ಅಂತ ಹುಡುಗರು ಮುನಿಸಿಕೊಂಡರು. ಊರಿಗೆ ಕಳಿಸುವ ದುಡ್ಡು ಅದು, ಅವರ ಮಾತು ನ್ಯಾಯವೇ. ಓಟಿಗೆ ಕಾನೂನು ಪ್ರಕಾರ ಡಬಲ್ ಕೊಡಬೇಕಲ್ವಾ? ಅದು ಉಳಿಯಿತು, ಪೌಡರ್ ಉಳಿಯಿತು. ಅದರಲ್ಲೇ ತಲಾ ಎರಡು ಸಾವಿರ ಸಂಬಳ ಏರಿಸಿದೆ.

ಆಡಿಟರ್ ಮೊದಲು ಕೇಳಿದ್ದು ಹಾಜರಿ ಪುಸ್ತಕವನ್ನಲ್ಲ, ಓವನ್ ಲಾಗ್, ಅಂದರೆ ಓವನ್ ಯಾವಾಗ ಎಷ್ಟು ಬಿಸಿಯಾಯಿತು ಅನ್ನೋ ದಾಖಲೆ. ರಜೆಯ ದಿನ ಓವನ್ 200 ಡಿಗ್ರಿಗೆ ಏರಿತ್ತೇ ಅಂತ ನೋಡಿದರು. ಹುಡುಗರನ್ನು ಪಕ್ಕಕ್ಕೆ ಕರೆದು ಮಾತಾಡಿಸಿದರು. ಎರಡು ರಿಜಿಸ್ಟರ್‌ನವರು ಸಿಕ್ಕಿಬೀಳುವುದು ಇಲ್ಲೇ.

ಈ ನಡುವೆ ಕೋಟಿಂಗಿಗೆ ಮುಂಚೆ ಬುಟ್ಟಿ ಹದ ಮಾಡಲು ಫಾಸ್ಫೇಟ್ ಬಿಟ್ಟು ನ್ಯಾನೊ ಕೆಮಿಕಲ್ ಕೂಡ ನೋಡಿದೆ. ಸ್ಲಡ್ಜ್ (ತಳದಲ್ಲಿ ಉಳಿಯುವ ಕೆಸರು) ಡ್ರಮ್ ಕಾಲುಭಾಗಕ್ಕೆ ಇಳಿಯಿತು. ಆದರೆ ಬೋರ್‌ವೆಲ್ ಗಡಸು ನೀರಿಗೆ ಕಲೆ ಬಂತು. ಆರ್‌ಒ ಹಾಕಿಸಿದ್ದೇನೆ, ಈ ಸೀಸನ್ ಮುಗಿದ ಮೇಲೆ ಲೆಕ್ಕ ಬರೆಯುತ್ತೇನೆ.