ಚಿತ್ರಕ್ಕಿಂತ ಮೊದಲು ಸದ್ದು: ಕಲಾಶಾಲೆಯಲ್ಲಿ ಪ್ರಯೋಗಾತ್ಮಕ ಗೇಮ್ ಕಲಿಸುವ ನಾಲ್ಕು ವಾರ

ಕಲಾಶಾಲೆಯ ವಿದ್ಯಾರ್ಥಿಗಳ ಕೈಗೆ ಗೇಮ್ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಕೊಟ್ಟರೆ ಮೂರು ವಾರ ಚಿತ್ರ ತಿದ್ದುತ್ತಾರೆ, ಕೊನೆಯ ರಾತ್ರಿ ಎಲ್ಲಿಂದಲೋ ಒಂದು ಹಾಡು ತಂದು ಅಂಟಿಸುತ್ತಾರೆ. ಆದ್ದರಿಂದ ಕ್ರಮವನ್ನೇ ತಿರುಗಿಸಿ: ಮೊದಲ ವಾರ ಚಿತ್ರವೇ ಬೇಡ.

ಹನ್ನೆರಡು ಜನರಿದ್ದರೆ ಆರು ಜೋಡಿ ಮಾಡಿ. ಜೋಡಿಗೊಂದು ಲ್ಯಾಪ್‌ಟಾಪ್, ವೈರ್ ಇರುವ ಎರಡು ಹೆಡ್‌ಫೋನ್, ಒಂದೇ ಸದ್ದನ್ನು ಎರಡೂ ಹೆಡ್‌ಫೋನ್‌ಗೆ ಹಂಚುವ ಒಂದು ಸ್ಪ್ಲಿಟರ್. ಬ್ಲೂಟೂತ್ ಬೇಡ, ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ತಪ್ಪು ತಮ್ಮ ಕೋಡ್‌ನಲ್ಲಿದೆ ಎಂದುಕೊಂಡು ಒದ್ದಾಡುತ್ತಾರೆ. ತಂತ್ರಾಂಶ: ಗೇಮ್ ಎಂಜಿನ್ ಆಗಿ ಗೋಡೋ 4.3 ಅಥವಾ ನಂತರದ್ದು, ಸದ್ದು ತಿದ್ದಲು ಆಡಾಸಿಟಿ, ಸಂಗೀತ ಕಟ್ಟಲು ಬ್ರೌಸರಿನಲ್ಲೇ ನಡೆಯುವ ಬೀಪ್‌ಬಾಕ್ಸ್. ಮೂರೂ ಉಚಿತ. ಚಿತ್ರ ನಿನಗೆ, ಸಂಗೀತ ನನಗೆ ಎಂದು ಪಾಲು ಹಾಕಿಕೊಳ್ಳಲು ಬಿಡಬೇಡಿ. ವಾರಕ್ಕೊಮ್ಮೆ ಕೆಲಸ ಅದಲುಬದಲಾಗಲಿ.

ಮೊದಲ ವಾರ. 1978ರ ಸ್ಪೇಸ್ ಇನ್‌ವೇಡರ್ಸ್ ಆಡಿಸಿ. ಅದರ ಹಿನ್ನೆಲೆಯಲ್ಲಿ ಇಳಿಯುವ ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾದಂತೆ ಲಯ ಏರುತ್ತದೆ. ಆಮೇಲೆ ಸದ್ದು ನಿಲ್ಲಿಸಿ ಆಡಿಸಿ, ಏನು ಹೋಯಿತೆಂದು ಬರೆಸಿ. ನಂತರದ ಕೆಲಸ: ಕಪ್ಪು ಪರದೆ, ಬಾಣದ ಕೀಗಳು, ಕಿವಿಯಿಂದಲೇ ಹುಡುಕಬೇಕಾದ ಒಂದು ವಸ್ತು. ಇಲ್ಲಿ ಬಹುತೇಕ ಎಲ್ಲರೂ ಎಡವುವುದು ಒಂದೇ ಕಡೆ. ಆಟಗಾರ ಎತ್ತ ನಡೆದರೂ ಸದ್ದು ಬದಲಾಗುವುದಿಲ್ಲ, ಏಕೆಂದರೆ ಗೋಡೋದ 2ಡಿ ಸದ್ದು ಪರದೆಯ ನಡುವೆ ಕಿವಿ ಇದೆ ಎಂದು ಲೆಕ್ಕ ಹಾಕುತ್ತದೆ. ಪಾತ್ರದ ಒಳಗೆ ಕಿವಿಯ ಕೆಲಸ ಮಾಡುವ ಆಡಿಯೋಲಿಸನರ್2ಡಿ (AudioListener2D) ಸೇರಿಸಿ, ಅದನ್ನೇ ‘ಕರೆಂಟ್’, ಅಂದರೆ ಸದ್ಯ ಬಳಕೆಯಲ್ಲಿರುವ ಕಿವಿ, ಮಾಡಿಸಿ.

ಎರಡನೆಯ ವಾರ, ಲೂಪ್, ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿಂದ ನುಡಿಯುವ ಸಂಗೀತದ ತುಣುಕು. ವೇಗ ನಿಮಿಷಕ್ಕೆ 100 ಬಡಿತ ಇರಲಿ. ಒಂದು ಬಡಿತಕ್ಕೆ 0.6 ಸೆಕೆಂಡ್, 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸದ್ದಿನ ಅಷ್ಟು ಅಳತೆ, ಅಂದರೆ ಸ್ಯಾಂಪಲ್) ಸರಿಯಾಗಿ 26,460 ಸ್ಯಾಂಪಲ್, ಚಿಲ್ಲರೆ ಉಳಿಯುವುದಿಲ್ಲ. 32 ಬಡಿತದ ಲೂಪ್ 19.2 ಸೆಕೆಂಡ್. ಎಂಪಿ3 ಬಳಸಿದರೆ ಎನ್‌ಕೋಡರ್ ತುದಿಗಳಲ್ಲಿ ಸೇರಿಸುವ ಮೌನದಿಂದ ಪ್ರತಿ ಸುತ್ತಿಗೂ ಮುಗ್ಗರಿಸುವ ಅಪಾಯವಿದೆ. ವೇವ್ ಅಥವಾ ಓಗ್ ಕೊಡಿ. ಕೊನೆಯ ಸ್ವರದ ರಿವರ್ಬ್ (ಅನುರಣನ) ಕತ್ತರಿಸಿದಂತೆ ಕೇಳಿದರೆ, ಅದೇ ಲೂಪನ್ನು ಎರಡು ಸಲ ನುಡಿಸಿ ಒಂದೇ ಫೈಲಾಗಿ ರೆಂಡರ್ ಮಾಡಿ, ಎರಡನೆಯ ಸುತ್ತನ್ನು ಮಾತ್ರ ಕತ್ತರಿಸಿಕೊಳ್ಳಿ. ಮೊದಲ ಸುತ್ತಿನ ಬಾಲ ಅದರ ತಲೆಗೆ ಬಂದು ಕೂತಿರುತ್ತದೆ.

ಮೂರನೆಯ ವಾರ, ಪದರಗಳು. ಲಯ, ಮಂದ್ರ, ರಾಗ ಎಂದು ಮೂರು ಫೈಲ್. ಆಟದಲ್ಲಿ ಬೇಕಾದಾಗ ಒಂದೊಂದನ್ನೇ ಶುರು ಮಾಡಿದರೆ ತಾಳ ತಪ್ಪುತ್ತದೆ. ಮೂರನ್ನೂ ಗೋಡೋದ ಆಡಿಯೋಸ್ಟ್ರೀಮ್‌ಸಿಂಕ್ರೊನೈಸ್ಡ್‌ನಲ್ಲಿ (AudioStreamSynchronized) ಒಟ್ಟಿಗೆ ಹೊರಡಿಸಿ, ಧ್ವನಿಮಟ್ಟ ಮಾತ್ರ ಏರಿಳಿಸಿ. ಡೆಸಿಬೆಲ್ ಅನ್ನೇ ಸಮಾನವಾಗಿ ಏರಿಸಿದರೆ ಬಹಳ ಹೊತ್ತು ಏನೂ ಕೇಳದೆ ಕೊನೆಗೆ ದಿಢೀರನೆ ಬರುತ್ತದೆ. ಧ್ವನಿಮಟ್ಟವನ್ನು 0ಯಿಂದ 1ಕ್ಕೆ ಸಮಾನವಾಗಿ ಏರಿಸಿ, ಅದನ್ನು ಡೆಸಿಬೆಲ್‌ಗೆ ಪರಿವರ್ತಿಸಿ. ಪ್ರತಿ ಪದರದ ಶಿಖರ −10 ಡೆಸಿಬೆಲ್ ದಾಟದಿರಲಿ, ಇಲ್ಲದಿದ್ದರೆ ಮೂರೂ ಸೇರಿದಾಗ ಸದ್ದು ಒಡೆಯುತ್ತದೆ.

ಬೇಕೆಂದೇ ಹೊಂದದ ಲೂಪ್‌ಗಳನ್ನೂ ಇದೇ ವಾರ ಮಾಡಿಸಿ. ಕಂಪ್ಯೂಟರ್ ಮುಚ್ಚಿಸಿ, ಅರ್ಧ ತರಗತಿಗೆ ಐದು ಅಕ್ಷರದ (ಎಣಿಕೆಯ) ಖಂಡ ಚಾಪು ತಾಳ, ಉಳಿದರ್ಧಕ್ಕೆ ಏಳು ಅಕ್ಷರದ ಮಿಶ್ರ ಚಾಪು ಹಾಕಲು ಹೇಳಿ. ಐದೂ ಏಳೂ ಮತ್ತೆ ಕೂಡುವುದು 35 ಅಕ್ಷರ ಕಳೆದ ಮೇಲೆ. 3 ಸೆಕೆಂಡ್ ಮತ್ತು 4.2 ಸೆಕೆಂಡಿನ ಎರಡು ಲೂಪ್‌ಗಳಲ್ಲೂ ಹೀಗೇ: ಪುಟ್ಟ ಫೈಲ್‌ಗಳು, 21 ಸೆಕೆಂಡಿಗೊಮ್ಮೆ ಮಾತ್ರ ಮರುಕಳಿಸುವ ಸಂಗೀತ. ಕೈಯಲ್ಲಿ ತಾಳ ಹಾಕಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ನಾಲ್ಕನೆಯ ವಾರ ಚಿತ್ರ, ಜೋಡಣೆ, ಪ್ರದರ್ಶನ. ವೆಬ್‌ಗೆ ರಫ್ತು ಮಾಡಿದ ಆಟದಲ್ಲಿ ಸದ್ದೇ ಬರುತ್ತಿಲ್ಲ ಎಂಬ ದೂರು ಖಂಡಿತ ಬರುತ್ತದೆ. ಬಳಕೆದಾರ ಕ್ಲಿಕ್ ಮಾಡದೆ ಬ್ರೌಸರ್ ಸದ್ದು ಬಿಡುವುದಿಲ್ಲ, ಹಾಗಾಗಿ ‘ಶುರು ಮಾಡಿ’ ಎಂಬ ಪುಟ ಇರಲೇಬೇಕು. 60 ಸೆಕೆಂಡ್ ಯಾರೂ ಮುಟ್ಟದಿದ್ದರೆ ಆಟ ತಾನಾಗಿ ಮೊದಲಿಗೆ ಮರಳಲಿ. ಅಂಕ ಕೊಡುವಾಗ ಸದ್ದು ಮುಚ್ಚಿ ಒಮ್ಮೆ ಆಡಿ: ಆಟ ಏನೂ ಬದಲಾಗದಿದ್ದರೆ ಸಂಗೀತದ ಅಂಕದಲ್ಲಿ ಅರ್ಧದಷ್ಟು ಕಡಿತ. ಕಟುವೆನಿಸಬಹುದು, ಆದರೆ ಈ ನಿಯಮವನ್ನು ಮೊದಲ ದಿನವೇ ಹೇಳಿರಬೇಕು. ಪ್ರಾಜೆಕ್ಟ್ ಒಪ್ಪಿಸುವಾಗ ಪದರಗಳ ವೇವ್ ಫೈಲ್‌ಗಳನ್ನು ಬೇರೆಯಾಗಿಯೇ ಇಡಿಸಿ. ಪ್ರಾಜೆಕ್ಟಿನೊಳಗಿನ ‘ಡಾಟ್ ಗೋಡೋ’ (.godot) ಫೋಲ್ಡರ್ ಅಳಿಸಿದರೆ ತೊಂದರೆಯಿಲ್ಲ, ಎಂಜಿನ್ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ.